ಒಬ್ಬರಿಗಾಗುವಷ್ಟು ಗಾಳಿ

ಮೀನಿನ ತೊಟ್ಟಿಯ ತಳದ ಮಣ್ಣು ಕೊಳೆತು ಗಿಡಗಳ ಬೇರು ಕಪ್ಪಾಗಿತ್ತು. ಹೊರಗಿನ ಗಾಳಿ ಯಾರೂ ಉಸಿರಾಡುವಂಥದ್ದಲ್ಲ. ಆ ಗಿಡಗಳು ಒಳ್ಳೆ ಗಾಳಿ ಬಿಟ್ಟರಷ್ಟೇ ಮನೆಯವರಿಗೆ ಉಸಿರು. ವಸುಮತಿ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ಹೊಸ ಮಣ್ಣು ಹಾಸಿ, ಗಿಡ ನೆಟ್ಟಳು. ಅವಸರದಲ್ಲಿ, ಮಣ್ಣು ಕದಡದಂತೆ ತಟ್ಟೆ ಅಡ್ಡ ಇಡದೆ ನೀರು ಸುರಿದದ್ದೇ ತಪ್ಪಾಯಿತು. ತೊಟ್ಟಿಯೆಲ್ಲ ರಾಡಿ, ಗಿಡಕ್ಕೆ ಬೆಳಕಿಲ್ಲ. ಗೋಡೆಯ ಮೇಲೆ ಗಾಳಿ ಅಳೆಯುವ ಮುಳ್ಳು ಕೆಳಗಿಳಿಯಿತು.

"ಮಾವ, ಇವತ್ತು ಓದಬೇಡಿ. ನೀವು ರಾಗ ಎಳೆದರೆ ಇಬ್ಬರಿಗೂ ಗಾಳಿ ಸಾಲಲ್ಲ."

"ನಿಮ್ಮತ್ತೆ ಹೋಗಿ ಇವತ್ತಿಗೆ ವರ್ಷ. ಅವಳ ಹೆಸರಲ್ಲಿ ಹಿಡಿದ ಕಾವ್ಯ ಇವತ್ತೇ ಮುಗೀಬೇಕು ಕಣಮ್ಮ," ಎಂದರು ನರಹರಿರಾಯರು. "ಮಣ್ಣು ಬದಲಾಯಿಸೋಕೆ ಒಳ್ಳೆ ಮುಹೂರ್ತ ಹುಡುಕಿದೆ!"

"ಬೇರು ಪಂಚಾಂಗ ನೋಡಿ ಕೊಳೆಯುತ್ತಾ?" ಎಂದು ಗೊಣಗಿ, ವಸುಮತಿ ಮುಖವಾಡ ಹಾಕಿಕೊಂಡು ಹೊರಗೆ ಹೋಗಿ ಕಿಟಕಿಯಾಚೆ ನಿಂತಳು. ಒಳಗಿನ ಗಾಳಿ ಒಬ್ಬರಿಗಂತೂ ಸಾಕು. ಆದರೆ ವರ್ಷವಿಡೀ ಕೂತು ಕೇಳಿದವಳಿಗೆ ಕೊನೆಯ ಸಂಧಿಯ ಒಂದಕ್ಷರವೂ ಕೇಳಿಸುವಂತಿರಲಿಲ್ಲ.

ಮಾವ ಒಂದು ಪದ್ಯ ಮುಗಿಸಿ, ಕೇಳುವವರು "ಹೂಂ" ಎನ್ನಲೆಂದು ಕಿಟಕಿಯತ್ತ ನೋಡುತ್ತ ಕಾದರು. ಅವಳೇನೋ ಅಂದಳು; ಅದು ಮುಖವಾಡದೊಳಗೇ ಉಳಿಯಿತು. ಅವರ ಬೆರಳು ಮತ್ತೆ ಅದೇ ಪದ್ಯದ ತಲೆಗೆ ಹೋಯಿತು. ಮತ್ತೆ ಕಾದರು. ಮೂರನೆಯ ಸಲಕ್ಕೆ ರೋಸಿಹೋದ ವಸುಮತಿ ಕೆಸರುಗೈಯಿಂದ ಗಾಜಿಗೆ ಫಟ್ಟನೆ ಬಡಿದಳು.

ಮಾವ ತೃಪ್ತಿಯಿಂದ ತಲೆದೂಗಿ ಮುಂದಿನ ಪದ್ಯಕ್ಕೆ ಹೋದರು.