ಶುಗರ್ ಇಲ್ಲ ಅಂತ ಬರೀರಿ

“ಶುಗರ್ ಇವತ್ತೇ ಗೊತ್ತಾತು ಅಂತ ಬರೀರಿ ಮೇಡಂ. ಹಿಂದಿಂದೇನೂ ಬರಿಬ್ಯಾಡ್ರಿ.”

ಮಹಾರಾಷ್ಟ್ರದ ಗಡಿಯ ಉಮರ್ಗಾದ ಆಸ್ಪತ್ರೆಯ ವಿಮೆ ಕೌಂಟರಿನ ಮೇಲೆ ಬಾಗಿ ಮಾಣಿಕಪ್ಪ ಪಿಸುಗುಟ್ಟಿದ. ಅವನ ಎಡಗಾಲಿನ ಹೆಬ್ಬೆರಳು ಬಾತು ಕಪ್ಪಗಾಗಿತ್ತು. ಇವತ್ತೇ ಅಡ್ಮಿಟ್ ಆಗಿ ಗಾಯ ಕೊಯ್ದು ತೊಳೆಸಿಕೊಳ್ಳದಿದ್ದರೆ ಬೆರಳು ಉಳಿಯುವುದಿಲ್ಲವೆಂದು ಡಾಕ್ಟರು ಆಗಷ್ಟೇ ಹೇಳಿದ್ದರು. ಶುಗರ್ ಇದ್ದವರಿಗೆ ವಿಮೆಯವರು ಬಿಡಿಗಾಸೂ ಕೊಡುವುದಿಲ್ಲವೆಂದು ತನ್ನೂರು ತುರೋರಿಯಲ್ಲಿ ಯಾರೋ ಹೇಳಿದ್ದನ್ನು ನಂಬಿ, ಅವನು ಇಪ್ಪತ್ತು ದಿನ ಗಾಯಕ್ಕೆ ಅರಿಶಿನ ಮೆತ್ತಿಕೊಂಡು ಹೊಲದಲ್ಲಿ ಓಡಾಡಿದ್ದ.

ಕೌಂಟರಿನಲ್ಲಿದ್ದ ವಿದ್ಯಾವತಿ ಬೀದರ ಕಡೆಯಿಂದ ಮದುವೆಯಾಗಿ ಬಂದವಳು. ರೋಗಿಗಳಿಗೆ ವಿಮೆಯ ಕಾಗದ ಬಿಡಿಸಿ ಹೇಳುವುದೇ ಅವಳ ಕೆಲಸ. ಪಾಲಿಸಿಯ ಇಂಗ್ಲಿಷ್ ಹಾಳೆಗಳನ್ನು ತಿರುವಿ ಅವಳು ತಲೆಯೆತ್ತಿದಳು.

“ನಾ ಮುಚ್ಚಿಡೋದು ಏನದ ಕಾಕಾ? ನಿಮಗ ಮೊದಲಿಂದ್ಲೂ ಶುಗರ್ ಅದ ಅಂತ ಇದರಾಗೇ ಬರದದಲ್ಲ.”

ಮಾಣಿಕಪ್ಪ ಹಾಳೆಯ ಮೇಲೆ ಬಾಗಿ ನೋಡಿದ. ನಾಲ್ಕು ವರ್ಷದ ಹಿಂದೆ ಪಾಲಿಸಿ ಮಾಡಿಸಲು ಮನೆಗೆ ಬಂದ ಏಜೆಂಟನಿಗೆ ಅವನು ತನಗೆ ಯಾವ ಕಾಯಿಲೆಯೂ ಇಲ್ಲವೆಂದೇ ಹೇಳಿದ್ದ.

“ಯಾರು ಬರಸಿದ್ರು ಅದನ್ನ?”

“ನಾನೇ ಬರಸೀನಿ.” ಹಿಂದೆ ನಿಂತಿದ್ದ ಹೆಂಡತಿ ಗೌರಾಬಾಯಿ ಮುಂದೆ ಬಂದಳು. “ನೀವು ಆಧಾರ್ ಕಾರ್ಡ್ ಹುಡುಕ್ಲಾಕ ಒಳಗ ಹೋಗಿದ್ರಿ. ಆ ಏಜೆಂಟಗ ಇದ್ದದ್ದು ಇದ್ದಂಗ ಹೇಳ್ದೆ. ನಿಮ್ಮ ಮುಂದ ಹೇಳ್ಲಾಕ ಧೈರ್ಯ ಸಾಲಲಿಲ್ಲ.”

“ಮನಿ ಮುಳುಗಿಸ್ದಿ!” ಮಾಣಿಕಪ್ಪ ಕಾಗದಗಳನ್ನು ಬಾಚಿಕೊಂಡ. “ನಡಿ, ಊರಿಗಿ ಹೋಗಮು.”

“ಮುಳುಗಿಸಿಲ್ಲ ಕಾಕಾ, ಕಾಕಿ ನಿಮ್ಮನ್ನ ಉಳಿಸ್ಯಾರ.” ವಿದ್ಯಾವತಿ ಎದ್ದು ಬಂದು ಅವನನ್ನು ಬೆಂಚಿನ ಮೇಲೆ ಕೂಡಿಸಿದಳು. “ಮುಚ್ಚಿಟ್ಟಿದ್ರ ಇವತ್ತು ನಿಮ್ಮ ಅರ್ಜಿ ವಾಪಸ್ ಬರ್ತಿತ್ತು. ಹೇಳಿದ್ದಕ್ಕ ಅವರು ಏನು ಬರದಾರ ಕೇಳ್ರಿ. ಮೊದಲ ಮೂರು ವರ್ಷ ಶುಗರಿನ ತ್ರಾಸಿಗಿ ಖರ್ಚು ಕೊಡಲ್ಲ, ಆಮ್ಯಾಲ ಕೊಡ್ತೀವಿ ಅಂತ. ನೀವು ಒಂದು ಕಂತೂ ತಪ್ಪಿಸಿಲ್ಲ. ಆ ಮೂರು ವರ್ಷ ಹೋದ ದೀಪಾವಳಿಗೇ ಮುಗದಾವ.”

ಮಾಣಿಕಪ್ಪ ಅದನ್ನೇ ಇನ್ನೊಂದು ಸಲ ಹೇಳಿಸಿದ. ಅವಳು ಬೇಸರಿಸದೆ ಹೇಳಿದಳು. ಸಾದಾ ವಾರ್ಡಿನಲ್ಲೇ ಇರಬೇಕು, ದೊಡ್ಡ ರೂಮ್ ಹಿಡಿದರೆ ಉಳಿದ ಖರ್ಚಿನಲ್ಲೂ ಕಡಿತ ಮಾಡುತ್ತಾರೆ ಎಂಬುದನ್ನೂ ತಿಳಿಸಿ, ವಿಮೆಯವರಿಗೆ ಅರ್ಜಿ ಕಳಿಸಿದಳು.

ಮಧ್ಯಾಹ್ನ ಮೂರಕ್ಕೆ ಅವಳು ಫೋನು ಎತ್ತಿ ಹಿಡಿದು ದೂರದಿಂದಲೇ ಕೂಗಿದಳು. “ಮಂಜೂರಾತು ಕಾಕಾ!” ಮಾಣಿಕಪ್ಪ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡ. ಹೆಂಡತಿಯ ಕೈಯಲ್ಲಿದ್ದ ಭಾರದ ಚೀಲವನ್ನು ತಾನೇ ತೆಗೆದುಕೊಂಡ.

ಸಂಜೆಯ ಹೊತ್ತಿಗೆ ಗಾಯ ತೊಳೆದು ಪಟ್ಟಿ ಕಟ್ಟಿಯಾಗಿತ್ತು. ಬೆರಳು ಉಳಿದಿತ್ತು. ಊಟ-ತಿಂಡಿಯ ವಿವರ ಬರೆದುಕೊಳ್ಳಲು ನರ್ಸ್ ಪೆನ್ನು ಹಿಡಿದು ಮಂಚದ ಬಳಿ ಬಂದಳು.

“ಚಹಾಕ್ಕ ಸಕ್ಕರಿ ಹಾಕ್ಕೊಂತೀರೇನ್ರಿ?”

‘ಇಲ್ಲ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಮಾಣಿಕಪ್ಪ ಅದನ್ನು ನುಂಗಿಕೊಂಡ.

“ಮನ್ಯಾಗ ಇಲ್ಲ. ಹೈವೇ ಹೋಟೆಲ್ನಾಗ ಕುಡೀತೀನಿ. ದಿನಾ ಎರಡು ಕಪ್...” ತಡೆದು ನಿಟ್ಟುಸಿರು ಬಿಟ್ಟ. “ಅಲ್ಲ, ಮೂರು ಬರೀರಿ.”

ಗಂಡನ ಮನಸ್ಸಿಗೆ ಬೇಜಾರಾಗಬಾರದೆಂದು ಏಳು ವರ್ಷದಿಂದ ತಾನೂ ಸಕ್ಕರೆಯಿಲ್ಲದ ಚಹಾ ಕುಡಿಯುತ್ತಿದ್ದ ಗೌರಾಬಾಯಿ, ಅವನ ಕಾಲಿನ ಕೆಳಗೆ ದಿಂಬು ಸರಿಪಡಿಸುತ್ತಿದ್ದವಳು, ಹಾಗೇ ಕೈ ನಿಲ್ಲಿಸಿ ಅವನನ್ನೇ ನೋಡಿದಳು.