ಎಂಟರ ಬಸ್ಸಿನವರು

"ಒತ್ತಿ, ಇನ್ನೂ ಒತ್ತಿ! ಎಲ್ಲಾದ್ರೂ ಖಾಲಿ ಕಂಡ್ರೆ ಆ ಸಾಹೇಬ ಬಸ್ಸನ್ನೇ ಎತ್ತಿಬುಡ್ತಾನೆ!" ಗೂಳೂರು ಸ್ಟಾಪಿನಲ್ಲಿ ನಿಂತು ಕಾಳಯ್ಯ ಗಂಟಲು ಹರಿದುಕೊಳ್ಳುತ್ತಿದ್ದ. ಏಳು ಗಂಟೆಯ ಬಸ್ಸಿಗೆ ಜನರನ್ನು ಗೋಣಿಚೀಲಕ್ಕೆ ಹೊಟ್ಟು ತುರುಕಿದ ಹಾಗೆ ತುರುಕುತ್ತಿದ್ದ. ಹೂವಿನ ಬುಟ್ಟಿಯವರು, ಸೊಪ್ಪಿನ ಗಂಟಿನವರು, ಕೋರ್ಟಿಗೆ ಹೊರಟ ಇಬ್ಬರು ದಾಯಾದಿಗಳು, ಎಲ್ಲರೂ ಒಳಗೆ. ಮುಖ ನೋಡಲೊಲ್ಲದ ದಾಯಾದಿಗಳಿಗೂ ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲದೆ ಗತಿಯಿರಲಿಲ್ಲ.

"ಗಣಪತಿ ಬಿಡೋ ದಿನಾನೂ ಇಷ್ಟು ಜನ ಕಂಡಿಲ್ಲ ಕಣಯ್ಯ," ಎಂದ ಕಂಡಕ್ಟರ್ ಪರಮಶಿವಯ್ಯ.

ಡೀಸೆಲ್ ರೇಟು ಏರಿ ಟೌನ್ ಬಸ್ಸಿನ ಆಫೀಸಿನವರ ಕೈ ಕಟ್ಟಿಹೋಗಿತ್ತು. ಜನ ಇಲ್ಲದ ಟ್ರಿಪ್ಪು ನಿಲ್ಲಿಸಿ ಖರ್ಚು ಇಳಿಸುತ್ತಾರಂತೆ, ನೋಡಿ ತೀರ್ಮಾನ ಮಾಡಲು ಸಾಹೇಬರೇ ಏಳರ ಬಸ್ಸು ಹತ್ತುತ್ತಾರಂತೆ ಎಂಬ ಸುದ್ದಿ ಪರಮಶಿವಯ್ಯನ ಬಾಯಿಂದಲೇ ಹೊರಬಿದ್ದಿತ್ತು. ಏಳರ ಬಸ್ಸು ದಿನವೂ ಅರ್ಧ ಖಾಲಿ. ಅದು ನಿಂತರೆ ಕಾಳಯ್ಯ ಅಂತರಸನಹಳ್ಳಿಯ ಕಾರ್ಖಾನೆ ಮುಟ್ಟುವುದರೊಳಗೆ ಗೇಟು ಬಿದ್ದಿರುತ್ತದೆ. ಬಿದ್ದ ಗೇಟು ಯಾರಿಗೂ ತೆರೆಯುವುದಿಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನಿಗೆ ಇನ್ನೊಂದು ಕೆಲಸವನ್ನು ಯಾರು ಎತ್ತಿಟ್ಟುಕೊಂಡು ಕಾಯುತ್ತಿದ್ದಾರೆ? ನಿನ್ನೆ ಸಂಜೆ ಮನೆಮನೆ ಅಲೆದು ಎಂಟರ ಬಸ್ಸಿಗೆ ಹೋಗುವವರನ್ನೆಲ್ಲ ಒಪ್ಪಿಸಿದ್ದ. ಒಂದೇ ಒಂದು ದಿನ ಏಳಕ್ಕೆ ಬನ್ನಿ. ಕೇಳಿದರೆ ದಿನಾ ಇದಕ್ಕೇ ಬರ್ತೀವಿ ಅನ್ನಿ.

ರೇವಮ್ಮನೂ ಬಂದಿದ್ದಳು. ಬಟವಾಡಿಯ ನರ್ಸಿಂಗ್ ಹೋಮಿನಲ್ಲಿ ಆಯಾ. ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ, ಆಮೇಲೆ ಎಂಟರ ಬಸ್ಸು ಹಿಡಿಯುವವಳು.

"ಅರ್ಧ ಕರೆದು ಓಡಿಬಂದಿದೀನಿ ಕಣ್ಲಾ. ಎಮ್ಮೆ ಬೈಯೋದು ಇಲ್ಲೀಗಂಟ ಕೇಳ್ತಾ ಐತೆ."

"ನಾಳೆ ಅದ್ಕೆ ನಾನೇ ಹಿಂಡಿ ತಂದ್ಹಾಕ್ತೀನಿ, ಹತ್ತಕ್ಕಾ," ಎಂದ ಕಾಳಯ್ಯ. ಅವನಿಗೆ ಯಾವ ಅನುಮಾನವೂ ಇರಲಿಲ್ಲ. ಬಸ್ಸು ಉಳಿಯಿತು ಎಂದೇ ಲೆಕ್ಕ.

ಸಾಹೇಬರು ಲಕ್ಷ್ಮೀನರಸಿಂಹಯ್ಯ ಕೊನೆಗೆ ಹತ್ತಿದರು. ಹತ್ತಿದರು ಅನ್ನುವುದಕ್ಕಿಂತ ಜನ ಅವರನ್ನು ಒಳಗೆಳೆದುಕೊಂಡರು. ಗದ್ದದ ಕೆಳಗೆ ಯಾರದೋ ಕನಕಾಂಬರದ ಬುಟ್ಟಿ, ಬೂಟಿನ ಮೇಲೆ ಯಾರದೋ ಹಿಮ್ಮಡಿ. ಬಸ್ಸು ಕೆರೆ ಏರಿ ದಾಟುವಾಗ ಅವರು ಕತ್ತು ಮಾತ್ರ ತಿರುಗಿಸಿ ರೇವಮ್ಮನನ್ನು ಕೇಳಿದರು.

"ಏನಮ್ಮಾ, ದಿನಾ ಏಳಕ್ಕೇ ಹೋಗ್ತೀರಾ?"

"ದಿನಾ ಸಾರ್. ಇದು ಬಿಟ್ರೆ ನಮ್ಗೆ ಬ್ಯಾರೆ ಬಸ್ಸೇ ಆಗಲ್ಲ," ಎಂದಳು ರೇವಮ್ಮ. ಹೇಳಿಕೊಟ್ಟದ್ದಕ್ಕಿಂತ ಒಂದು ಮಾತು ಹೆಚ್ಚಾಗಿಯೇ ಹೇಳಿ ಕಾಳಯ್ಯನತ್ತ ನೋಡಿದಳು. ಅವನು ಮೀಸೆಯಡಿಯಲ್ಲೇ ನಕ್ಕ. ಸುತ್ತಲಿನವರೂ "ದಿನಾ ಸಾರ್, ದಿನಾ" ಎಂದು ದನಿಗೂಡಿಸಿದರು.

"ಭೇಷ್!" ಎಂದರು ಸಾಹೇಬರು. ಮುಖ ಅರಳಿತು. "ಪರಮಶಿವಯ್ಯ, ಊರಿಗೆ ಊರೇ ಏಳಕ್ಕೆ ಹೊರಟುಬಿಡುತ್ತೆ. ಮತ್ತೆ ಎಂಟಕ್ಕೆ ಯಾರಿಗೋಸ್ಕರ ಬಸ್ಸು? ಸೋಮವಾರದಿಂದ ಎಂಟರದ್ದು ಬೇಡ."

ಅಷ್ಟು ಜನರಲ್ಲಿ ಒಬ್ಬರೂ ಕಾಳಯ್ಯನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ರೇವಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು, "ಹೋಗ್ಲಿ ಬುಡು, ನಿಂದಾದ್ರೂ ಉಳೀತಲ್ಲಪ್ಪ," ಎಂದಳು. ಕಾಳಯ್ಯನ ಕಿವಿ ಕಾದ ಕಾವಲಿಯಾಯಿತು.

"ಸಾರ್, ಇವ್ರೆಲ್ಲ ಎಂಟರ ಬಸ್ಸಿನೋರು!" ಎಂದು ಕೂಗಿದ. "ಸುಳ್ಳು ಹೇಳ್ಸಿದ್ದು ನಾನು. ಕರ್ಕೊಂಬಂದು ತುಂಬಿದ್ದೂ ನಾನೇ."

ಸಾಹೇಬರಿಗೆ ಸಿಟ್ಟೇನೂ ಬರಲಿಲ್ಲ. "ಓಹೋ. ಹಾಗಾದ್ರೆ ಏಳರದ್ದೇ ಖಾಲಿ ಅಂತಾಯ್ತು. ನೋಡಪ್ಪಾ, ನಮಗೆ ಯಾವುದಾದ್ರೂ ಒಂದೇ. ಒಂದು ಹೋಗಲೇಬೇಕು. ನಿನ್ನ ಬಸ್ಸೋ, ಇವರ ಬಸ್ಸೋ, ನೀನೇ ಹೇಳಿಬಿಡು."

ಪಂಚಾಯ್ತಿಯ ಯಜಮಾನನ ಹಾಗೆ ಕೇಳಿದರು. ಕಾಳಯ್ಯ ತಲೆಗಳ ಮೇಲೆ ಕೈ ಚಾಚಿ ಗಂಟೆಯ ಹಗ್ಗ ಜಗ್ಗಿದ. ಬಸ್ಸು ಹೊಲಗಳ ನಡುವೆ ನಿಂತಿತು.

"ಇಳೀರಿ. ನಿಮ್ಮ ಬಸ್ಸು ಹಿಂದೆ ಬರ್ತದೆ. ಅದ್ರಲ್ಲೇ ಹೋಗಾನ."

ಮೊದಲು ಅವನೇ ಧುಮುಕಿದ. ರೇವಮ್ಮ ಇಳಿದಳು. ಬುಟ್ಟಿಗಳು, ಗಂಟುಗಳು ಇಳಿದವು. ಏಳರ ಬಸ್ಸಿನ ಹಳಬರೂ ಇಳಿದರು. ಕಾಳಯ್ಯ ಇಳಿದದ್ದೇ ಅವರಿಗೆ ಸಾಕಾಗಿತ್ತು. ದಾಯಾದಿಗಳೂ ಇಳಿದರು, ಒಬ್ಬ ಮುಂದಿನ ಬಾಗಿಲಿಂದ, ಇನ್ನೊಬ್ಬ ಹಿಂದಿನ ಬಾಗಿಲಿಂದ.

"ನೀನ್ಯಾಕಲಾ ಇಳ್ದೆ? ಗೇಟ್ ಹಾಕ್ಬುಡ್ತಾರೆ!" ಎಂದಳು ರೇವಮ್ಮ.

"ಹಾಕ್ಲಿ ಬುಡಕ್ಕಾ. ನನ್ನ ಬಸ್ಸು, ನಿನ್ನ ಬಸ್ಸು ಅಂತ ಪಾಲು ಮಾಡೋಕೆ ಆವಯ್ಯ ಯಾರು? ಎರಡೂ ಬೇಕು ಅಂತ ಅವರ ಆಫೀಸಿನ ಮುಂದೆ ನಿಂತು ಕೇಳ್ತೀನಿ. ಇವತ್ತೇ."

"ಒಬ್ನೇನಾ?"

"ನೀನು ಬಂದ್ರೆ ಇಬ್ರು."

ಬಸ್ಸು ಹೊರಟಿತು. ಅಷ್ಟೂ ಸೀಟು ಖಾಲಿ. ಆದರೂ ಸಾಹೇಬರು ಮೇಲಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡು ನಡುವೆ ನಿಂತೇ ಇದ್ದರು. ಬಸ್ಸೆಬ್ಬಿಸಿದ ಧೂಳು ಅಡಗುವ ಮೊದಲೇ ಅದರ ಬೆನ್ನಿಗೆ ಆಫೀಸಿನ ಜೀಪು ಕಾಣಿಸಿತು. ಸಾಹೇಬರನ್ನು ಬೆಳಿಗ್ಗೆ ಊರಿಗೆ ತಂದು ಬಿಟ್ಟಿದ್ದ ಜೀಪು, ಈಗ ಡ್ರೈವರ್ ಒಬ್ಬನನ್ನೇ ಕೂರಿಸಿಕೊಂಡು ಬಸ್ಸನ್ನೇ ಹಿಂಬಾಲಿಸಿ ತುಮಕೂರಿಗೆ ಹೊರಟಿತ್ತು.

ರೇವಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. "ಇದೆಷ್ಟು ಗಂಟೆ ಬಸ್ಸಲಾ, ಕಾಳಯ್ಯ?"

ಕಾಳಯ್ಯ ಆಗಲೇ ರಸ್ತೆಯ ನಟ್ಟನಡುವೆ ಎರಡೂ ಕೈ ಚಾಚಿ ನಿಂತಿದ್ದ.