ಮುಂಗುರುಳಿನ ಇಕ್ಕಳ

ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಅವನದೇ. ಅವನ ಮುಂಗುರುಳಿಗೇ ಚಪ್ಪಾಳೆ ಬೀಳುತ್ತಿತ್ತು. ಒಂದು ಗುಂಡು ಸರಳು, ಅದರ ಮೇಲೆ ಕಚ್ಚಿಕೊಳ್ಳುವ ಬಾಗಿದ ಪಟ್ಟಿ. ಆ ಇಕ್ಕಳವನ್ನು ಕೆಂಡದಲ್ಲಿ ಕಾಯಿಸಿ ಕೂದಲು ಸುತ್ತಬೇಕು. ಕಾವು ನೋಡಲು ಉಳಿದ ನಟರು ಅದಕ್ಕೆ ಕಾಗದ ಕೊಡುತ್ತಿದ್ದರು. ಅವನು ಹೆಂಡತಿಯ ತೋಳು ಕೊಡುತ್ತಿದ್ದ. ಅವಳು ಚೀರಿದರೆ ಕಾವು ಹೆಚ್ಚೆಂದು ಸ್ವಲ್ಪ ಆರಿಸುತ್ತಿದ್ದ.

ಅಂದು ಎರಡನೇ ಬೆಲ್ ಆಗಿತ್ತು. ಕನ್ನಡಿ ನೋಡುತ್ತಲೇ ಅವಳ ತೋಳನ್ನು ಇಕ್ಕಳದಲ್ಲಿ ಅದುಮಿದ. ಸದ್ದೇ ಇಲ್ಲ.

"ಯಾಕ, ಬಾಯಿ ಬಿದ್ದು ಹೋಗೇತೇನ?"

"ಹದಕ್ಕ ಬಂದೈತ್ರಿ. ಸುತ್ಕೊಳ್ರಿ."

ಅವನು ಕೂದಲನ್ನು ಬುಡದವರೆಗೂ ಸುತ್ತಿ, ಬಿಗಿಯಾಗಿ ಒತ್ತಿ ಹಿಡಿದು, ಎಳೆದ.

ಮುಂಗುರುಳು ಇಕ್ಕಳದಲ್ಲೇ ಉಳಿಯಿತು, ಅಲ್ಲಿ ಅಂಟಿದ್ದ ಅವಳ ತೋಳಿನ ಚರ್ಮದ ಪಕ್ಕದಲ್ಲಿ.